ಬೆಳ್ಳಿಯ ಮೊದಲ ಪೆಟ್ಟು

ನಮ್ಮ ದೇಶದ ಮೊದಲ ನಾಣ್ಯ ಹುಟ್ಟಿದ ದಿನ ನಾನು ನಮ್ಮೂರ ಕೆರೆಯನ್ನು ಪೂರ್ತಿ ಬಾಯಲ್ಲಿ ತುಂಬಿಕೊಂಡು ನಿಂತಿದ್ದೆ. ಕೆರೆಯ ತಳ ಕಂಡು ಎಮ್ಮೆಗಳು ಗಾಬರಿಯಾಗಿದ್ದವು. ಅಗಸರು ಬಟ್ಟೆಯ ಗಂಟು ಹೊತ್ತು ನನ್ನ ಮನೆಯ ಮುಂದೆ ಪಾಳಿ ಹಚ್ಚಿದ್ದರು. ಒಂದು ಮೀನು ನನ್ನ ಬಲಗೆನ್ನೆಯಲ್ಲಿ ಮೊಟ್ಟೆಯಿಟ್ಟು, ಎಡಗೆನ್ನೆಯಲ್ಲಿ ಮರಿಗಳಿಗೆ ಈಜು ಕಲಿಸುತ್ತಿತ್ತು. ನಗುತ್ತೀರಾ? ನಗಿ, ಬೇಡ ಅನ್ನುವುದಿಲ್ಲ. ಬಿಸಿ ಮಿರ್ಚಿ ಬಾಯಲ್ಲಿಟ್ಟುಕೊಂಡು ನಗಬೇಡಿ, ಅಷ್ಟೇ. ಗಡಿ ದಾಟಿ ಬಂದವರು ಮೊದಲು ಕೂರುವುದು ನನ್ನ ಈ ಮಿರ್ಚಿ ಭಜಿ ಅಂಗಡಿಯ ಬಾಕಿನ ಮೇಲೆಯೇ, ಮೊದಲು ನಗುವುದೂ ಇಲ್ಲಿಯೇ.

ನೀವು ಆಗಿನಿಂದ ಉಗುಳುವ ಆ ಪೀಕದಾನಿಯನ್ನು ನೋಡುತ್ತಿದ್ದೀರಿ. ನನಗೆ ಗೊತ್ತು. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಪೀಕದಾನಿ ಯಾಕೆ, ಗಲ್ಲಾಪೆಟ್ಟಿಗೆಗೆ ಹಾಸಿಗೆಯ ಹಾಗೆ ಹತ್ತಿ ತುಂಬಿದ್ದು ಯಾಕೆ, ಎಂದು ಎಲ್ಲರೂ ಕೇಳುತ್ತಾರೆ. ಮುಂದೆ ಹೋದರೆ ಬಟ್ಟೆ ಅಂಗಡಿಯಲ್ಲೂ, ಔಷಧಿ ಅಂಗಡಿಯಲ್ಲೂ, ಗುಡಿಯ ಹುಂಡಿಯ ಪಕ್ಕದಲ್ಲೂ ಪೀಕದಾನಿ ಕಾಣುತ್ತೀರಿ. ನಮ್ಮ ಜನ ಬಹಳ ಶುಚಿ ಎಂದು ಸದ್ಯಕ್ಕೆ ತಿಳಿದುಕೊಳ್ಳಿ. ನನ್ನ ಹೆಸರು ಹುಚ್ಚೀರಪ್ಪ. ಅಲ್ಲಿ ಈರುಳ್ಳಿ ಹೆಚ್ಚುತ್ತ ನನ್ನನ್ನು ಓರೆಗಣ್ಣಿನಿಂದ ನೋಡುತ್ತಿರುವವಳು ನನ್ನ ಹೆಂಡತಿ ಗಂಗಮಾಳವ್ವ. ಆಕೆಯ ನೋಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಕಥೆ ಕೇಳಿ.

ನಮ್ಮೂರಲ್ಲಿ ಲೋಹ ಬಡಿಯುವಾಗ ಯಾರಾದರೂ ಮಾತಾಡಿದರೆ ಆ ಮಾತು ಲೋಹದೊಳಗೆ ಕೂತುಬಿಡುತ್ತದೆ. ಒಂದು ಪೆಟ್ಟಿಗೆ ಒಂದು ಉಸಿರಿನಷ್ಟು ಮಾತು. ಆಮೇಲೆ ಅದನ್ನು ತಟ್ಟಿದಾಗಲೆಲ್ಲ ಅದೇ ಮಾತು, ಆಡಿದವರ ದನಿಯಲ್ಲೇ ಹೊರಗೆ ಬರುತ್ತದೆ. ಸಾಲಿಯ ಗಂಟೆ ಬಾರಿಸಿದರೆ ಯಾವುದೋ ಕಾಲದ ಕಂಚುಗಾರ ಮುದುಕ "ಯಪ್ಪಾ, ನಡಾ ಹಿಡೀತು!" ಎಂದು ನರಳುತ್ತಾನೆ; ಅದನ್ನು ಕೇಳಿದ್ದೇ ತಡ ಮಕ್ಕಳು ಪಾಟೀಚೀಲ ಎತ್ತಿಕೊಂಡು ಮನೆಗೆ ಓಡುತ್ತವೆ. ನಮ್ಮ ಅತ್ತಿಗೆಯ ಕೊಡಕ್ಕೆ ಹಗ್ಗ ಬಿಗಿಯುವಾಗ ಬಳೆ ತಗುಲಿದರೆ "ಸಾಲಂಗಿಲ್ಲ, ಸಾಲಂಗಿಲ್ಲ" ಅನ್ನುತ್ತದೆ. ಪಾಪ, ಅದರ ಮಾತು ಮೀರಲಾರದೆ ಆಕೆ ಇನ್ನೊಂದು ಸಲ ಬಾವಿಗೆ ಹೋಗುತ್ತಾಳೆ. ಹೆಣ್ಣು ನೋಡಲು ಬಂದವರು ಹೆಣ್ಣಿಗಿಂತ ಮೊದಲು ಅಡುಗೆಮನೆಯ ಪಾತ್ರೆಗಳನ್ನು ತಟ್ಟಿ ನೋಡುತ್ತಾರೆ. ಮನೆತನದ ಮಾತುಕತೆ ಹೇಗಿದೆ ಎಂಬುದು ಅಲ್ಲಿ ತಿಳಿಯುತ್ತದೆ.

ಆದ್ದರಿಂದಲೇ ಕಂಚುಗಾರರ ಓಣಿಯಲ್ಲಿ ಸುತ್ತಿಗೆ ಎತ್ತುವ ಮೊದಲು ಎಲ್ಲರೂ ಬಾಯಿ ತುಂಬ ನೀರು ತುಂಬಿಕೊಳ್ಳುವ ರೂಢಿ. ನೀರಿದ್ದ ಬಾಯಿಗೆ ಮಾತು ಬಾರದು. ಹೊರಗಿನಿಂದ ಬಂದವರು ಆ ಓಣಿಯ ಉಬ್ಬಿದ ಕೆನ್ನೆಗಳನ್ನು ನೋಡಿ, ಇಡೀ ಓಣಿಗೆ ಹಲ್ಲುನೋವು ಎಂದುಕೊಂಡು ಲವಂಗ ಕೊಟ್ಟು ಹೋಗುತ್ತಾರೆ.

ಆ ಓಣಿಯ ಹಿರಿಯ ನನ್ನ ಮಾವ, ಮೌನೇಶಾಚಾರಿ. ಕುಲುಮೆಯೊಳಗೆ ಆತನ ಬಾಯಿಂದ ಒಂದು ಮಾತು ಬಿದ್ದದ್ದನ್ನು ಕೇಳಿದವರು ಹುಟ್ಟಿಲ್ಲ. ಆತನ ಕೊಡ ತಟ್ಟಿದರೆ ಬರೀ ಠಣ್. ಕೂಸು ಮಲಗಿದ ಮನೆಗಳಿಗೆ, ಮುನಿಸಿಕೊಂಡ ಗಂಡಹೆಂಡಿರ ಮನೆಗಳಿಗೆ ಆತನ ಪಾತ್ರೆಗಳೇ ಬೇಕು. ಅಂಥಾತನ ಕೈಯ ಒಂದೇ ಒಂದು ಪಾತ್ರೆಯಲ್ಲಿ ಮಾತು ಸೇರಿಕೊಂಡಿತು. ಅದು ಮಠದ ದಾಸೋಹದ ದೊಡ್ಡ ಹಂಡೆ. ಮಾತು ನನ್ನದು.

ನನಗೆ ಆಗ ಮೀಸೆ ಚಿಗುರುತ್ತಿದ್ದ ವಯಸ್ಸು. ಆ ಹಂಡೆ ಬಡಿಯುತ್ತಿದ್ದ ಹೊತ್ತಿಗೆ ಗೆಳೆಯರನ್ನು ಕಟ್ಟಿಕೊಂಡು ಓಣಿಯಲ್ಲಿ ಜಂಬ ಕೊಚ್ಚುತ್ತ ಹಾಯುತ್ತಿದ್ದೆ, ಸ್ವಲ್ಪ ಜೋರಾಗಿ. ಮರುದಿನ ಮಠದಲ್ಲಿ ಸಾರು ಬಡಿಸಲು ಸೌಟು ಹಾಕಿದರೆ ಹಂಡೆ ಗರ್ಜಿಸಿತು: "ಹುಲಿ ಮೀಸಿ ಹಿಡದು ಎಳದಾಂವ ನಾನಲೇ!" ಪಂಕ್ತಿಯಲ್ಲಿ ಕೂತವರ ಕೈತುತ್ತು ಎಲೆಗೆ ಬಿತ್ತು. ಸೌಟು ಹಿಡಿದವಳು ಗಂಗಮಾಳವ್ವ. ಆಕೆ ನಕ್ಕಳು. ಮತ್ತೊಮ್ಮೆ ಸೌಟು ಹಾಕಿದಳು, ಮತ್ತೂ ನಕ್ಕಳು. ಅವತ್ತು ಅರ್ಧ ಊರಿಗೆ ಬರೀ ಅನ್ನ. ಸಾರೆಲ್ಲ ನಗೆಯಲ್ಲಿ ಚೆಲ್ಲಿಹೋಯಿತು. ಆ ನಗು ನಿಲ್ಲುವುದರೊಳಗೆ ನಮ್ಮ ಮದುವೆಯಾಗಿತ್ತು.

ಮಾವ ಧಾರೆಯೇನೋ ಎರೆದ. ಆಮೇಲೆ ಮಗಳಿಗೆ ಹೇಳಿದ: "ಗಂಗೀ, ನೀ ಯಾವಾಗ ಬೇಕಾದ್ರೂ ಬಾ. ಆ ಹರಕಬಾಯಿ ಮಾತ್ರ ನನ್ನ ಹೊಸ್ತಿಲಾ ದಾಟಬಾರದು." ಅಂದಿನಿಂದ ನಾನು ಆತನ ಪಾಲಿಗೆ ಹರಕಬಾಯಿ. ಅಳಿಯ ಎಂಬ ಮಾತು ಆತನ ಬಾಯಿಂದ ಬರಲಿಲ್ಲ. ಪಂಚಮಿ ಹಬ್ಬಕ್ಕೆ ಊರಿನ ಅಳಿಯಂದಿರೆಲ್ಲ ಮಾವನ ಮನೆಯಲ್ಲಿ ಉಂಡಿ ತಿಂದು, ಜೋಕಾಲಿ ಜೀಕಿ, ಹೊಟ್ಟೆ ಸವರಿಕೊಳ್ಳುತ್ತ ಬರುವಾಗ, ನಾನು ಓಣಿಯ ಮೂಲೆಯ ಬೇವಿನ ಮರದ ಕೆಳಗೆ ನಿಂತು, ಗಂಗಿ ಸೆರಗಿನಲ್ಲಿ ಕಟ್ಟಿ ತರುವ ಶೇಂಗಾ ಉಂಡಿಗೆ ಕಾಯುತ್ತಿದ್ದೆ. ಊರಿಗೆಲ್ಲ, ಆ ಬೇವಿನ ನೆರಳು ನನ್ನ ಮೈಗೆ ಒಗ್ಗುತ್ತದೆ, ವೈದ್ಯರು ಹೇಳಿದ್ದಾರೆ, ಎನ್ನುತ್ತಿದ್ದೆ. ಯಾರೂ ನಂಬುತ್ತಿರಲಿಲ್ಲ. ಗಂಗಿ ಉಂಡಿ ಕೊಡುವಾಗ ನನ್ನ ಮುಖ ನೋಡುತ್ತಿರಲಿಲ್ಲ. ಅಷ್ಟು ದೊಡ್ಡ ನಗೆಯವಳು ಆ ಒಂದು ದಿನ ಮಾತ್ರ ನಗುತ್ತಿರಲಿಲ್ಲ.

ಹೀಗಿರುವಾಗ ನಾವು ದೇಶವಾದೆವು. ಎರಡು ದೊಡ್ಡ ರಾಜ್ಯಗಳು ತಮ್ಮ ತಮ್ಮ ಗಡಿಗೆರೆ ಎಳೆದುಕೊಂಡಾಗ, ಸೀರೆಯ ನೆರಿಗೆಯಲ್ಲಿ ಸಿಕ್ಕ ಅಕ್ಕಿಕಾಳಿನ ಹಾಗೆ ನಮ್ಮೂರು ನಡುವೆ ಉಳಿದುಹೋಯಿತು. ಈ ಕಡೆಯವರನ್ನು ಕೇಳಿದರೆ ನೀವು ಆ ಕಡೆಯವರು ಎಂದರು, ಆ ಕಡೆಯವರು ನೀವು ಯಾರೆಂದೇ ಗೊತ್ತಿಲ್ಲ ಎಂದರು. ಊರ ರುದ್ರವ್ವ ಗೌಡ್ತಿ ಕಟ್ಟೆಯ ಮೇಲೆ ಕೂತು ಎಲೆ ಮಡಿಚುತ್ತ, "ಯಾರಿಗೂ ಬ್ಯಾಡಾಗಿದ್ರ ನಾವ ಒಂದು ದೇಶ ಆಗೂಣು. ಅದೇನ್ ಮಹಾ!" ಎಂದಳು. ಎಲೆ ಜಗಿದು ಮುಗಿಸುವುದರೊಳಗೆ ದೇಶವಾಗಿತ್ತು. ಆಕೆಯ ಹಸಿರು ಇಳಕಲ್ ಸೀರೆ ಬಾವುಟವಾಯಿತು. ಸೇನೆಗೆ ಒಂದು ಸೀಟಿಯನ್ನೂ, ಅದನ್ನು ಊದಲು ನನ್ನ ಸೋದರಮಾವನನ್ನೂ ಗೊತ್ತು ಮಾಡಿದರು. ಎರಡೂ ಕಡೆಯ ರಾಯಭಾರಿಗಳು, ಪಂಚಮಿಯ ದಿನ ಬಂದು ನೋಡುತ್ತೇವೆ, ನಿಮ್ಮದೇ ನಾಣ್ಯವಿದ್ದರೆ ದೇಶ, ಇಲ್ಲದಿದ್ದರೆ ಸಂತೆ, ಎಂದು ಹೇಳಿ ಕಳಿಸಿದರು.

ಮನೆಮನೆಯಿಂದ ಕಾಲ್ಗಡಗ, ಉಡದಾರ ಬಂದು ಬೆಳ್ಳಿ ರಾಶಿ ಬಿತ್ತು. ಮಾವ ಅಚ್ಚು ಕೊರೆದ. ಒಂದು ಕಡೆ ಬೇವಿನ ಎಲೆ, ಇನ್ನೊಂದು ಕಡೆ ಉಬ್ಬಿದ ಕೆನ್ನೆಯ ಮುಖ. ಓಣಿಯ ತುದಿಯಲ್ಲಿ ಎರಡು ಕಂಬ ನೆಟ್ಟು, ಮೇಲೊಂದು ಗಾಲಿ ಕಟ್ಟಿ, ಹಗ್ಗದಿಂದ ಕಬ್ಬಿಣದ ಗುಂಡು ಇಳಿಬಿಟ್ಟರು. ಹಗ್ಗ ಎಳೆದರೆ ಗುಂಡು ಮೇಲೆ, ಬಿಟ್ಟರೆ ಅಚ್ಚಿನ ಮೇಲೆ. ಅದೇ ನಮ್ಮ ಟಂಕಸಾಲೆ. ಆ ಗುಂಡು ಏಳು ಆನೆಗಳ ತೂಕವಿತ್ತು; ಎಂಟನೆಯದು ಮರಿ.

"ಬ್ಯಾರೆ ದೇಶದ ನಾಣ್ಯ ಮೂಕ ಅದಾವ," ಎಂದಳು ಗೌಡ್ತಿ. "ನಮ್ಮದು ಮಾತಾಡ್ಲಿ. ಕೆಳಗ ಬಿದ್ರ 'ಜಯವಾಗಲಿ' ಅನ್ನಬೇಕು. ನನ್ನ ದನಿಯೊಳಗ."

ಮಾವ ಹುಬ್ಬು ಗಂಟಿಕ್ಕಿದ. ಬೆಳ್ಳಿಗೆ ಕೈ ಹಚ್ಚುವ ಮೊದಲು ಸೀಸದ ಬಿಲ್ಲೆಗಳ ಮೇಲೆ ಪರೀಕ್ಷೆಯ ಪೆಟ್ಟು ಆಗಲಿ ಎಂದ. ಯಾಕೆಂದರೆ ಸೀಸದ ಪೆಟ್ಟಿನ ಮಾತು ಆ ಬಿಲ್ಲೆಗಷ್ಟೇ. ಬೆಳ್ಳಿಯ ಮೊದಲ ಪೆಟ್ಟು ಹಾಗಲ್ಲ. ಅದು ಅಚ್ಚಿನೊಳಗೇ ಇಳಿಯುತ್ತದೆ. ಆಮೇಲೆ ಆ ಅಚ್ಚಿನಿಂದ ಹೊರಬರುವ ಪ್ರತಿಯೊಂದು ನಾಣ್ಯವೂ ಅದನ್ನೇ ನುಡಿಯುತ್ತದೆ, ಅಚ್ಚು ಸವೆದು ಹೋಗುವವರೆಗೆ.

ರುದ್ರವ್ವ ಗೌಡ್ತಿ ಎಂದರೆ ಸುಮ್ಮನೆ ಅಲ್ಲ. ಗೂಳಿ ಎದುರಾದರೆ ಗೂಳಿಯೇ ದಾರಿ ಬಿಡುತ್ತದೆ. ಆಕೆ ಸೆರಗು ಬಿಗಿದು ಅಚ್ಚಿನ ಮುಂದೆ ನಿಂತಳು. ಮಾವನ ತಮ್ಮ ಕಾಳಪ್ಪಾಚಾರಿ ಹಗ್ಗ ಬಿಟ್ಟ. ಗುಂಡು ಧಡಾರೆಂದು ಬಿತ್ತು. ಬಿಲ್ಲೆ ತೆಗೆದು ಕಲ್ಲಿನ ಮೇಲೆ ಹಾಕಿದರೆ, "ಅವ್ವಾ!" ಎಂದು ಕೋಳಿಮರಿಯ ಹಾಗೆ ಚೀರಿತು. ಗೌಡ್ತಿಯ ದನಿಯಲ್ಲೇ.

"ಇದು ನಂದಲ್ಲ," ಎಂದಳು ಗೌಡ್ತಿ.

ಬಿಲ್ಲೆ ಮತ್ತೊಮ್ಮೆ ಬಿತ್ತು. "ಅವ್ವಾ!"

ಆಮೇಲೆ ಒಬ್ಬೊಬ್ಬರಾಗಿ ಬಂದರು. ಪರಸಪ್ಪ ಮಾಸ್ತರರ ಬಿಲ್ಲೆ "ಜಯವಾ... ನನ್ನ ಕಿವೀ!" ಎಂದಿತು. ನಮ್ಮ ಸೋದರಮಾವನದು ಬರೀ ಸೀಟಿ. ಭಯಕ್ಕೆ ಸೀಟಿಯನ್ನೇ ಕಚ್ಚಿದ್ದ. ಮಠದ ಸ್ವಾಮಿಗಳು, ನಮ್ಮ ಅಪ್ಪಗಳು, ಕಣ್ಣು ಮುಚ್ಚಿ, ಉಸಿರು ಹಿಡಿದು, ಭಸ್ಮ ಧರಿಸಿ ನಿಂತರು. ಅವರ ಬಿಲ್ಲೆ "ಯಾವಾಂವಲೇ ಅಂವಾ!" ಎಂದು ಗದರಿತು. ಇಷ್ಟು ದೊಡ್ಡ ಗುಂಡು ಮುಖದ ಮುಂದೆ ಬೀಳುವಾಗ ಬಾಯಿಪಾಠದ ಮಾತು ಉಳಿಯುತ್ತದೆಯೇ? ಮಕ್ಕಳು ಆ ಸೀಸದ ಬಿಲ್ಲೆಗಳನ್ನು ಆರಿಸಿಕೊಂಡು ಹೋಗಿ ಓಣಿಯ ತುಂಬ ಆಡತೊಡಗಿದರು. ಎಲ್ಲಿ ನೋಡಿದರೂ ಅವ್ವಾ, ಕಿವೀ, ಯಾವಾಂವಲೇ. ಒಂದು ಮುದುಕಿ ಮನೆಯೊಳಗಿನಿಂದಲೇ "ನಾನಪಾ, ನಿಂಗವ್ವ," ಎಂದು ಉತ್ತರ ಕೊಡುತ್ತಿದ್ದಳು.

ಕೊನೆಗೆ ಗೌಡ್ತಿ ಸೋತಳು. "ಮೂಕ ಇದ್ರೂ ಚಿಂತಿಲ್ಲ, ಮರ್ಯಾದಿ ಉಳೀಲಿ. ಬೆಳ್ಳಿ ಪೆಟ್ಟು ಬೀಳುವಾಗ ದೇಶಕ್ಕ ದೇಶ ಬಾಯಾಗ ನೀರು ಹಿಡೀಬೇಕು," ಎಂದು ಆಜ್ಞೆ ಮಾಡಿದಳು. ನಮ್ಮ ದೇಶದ ಮೊದಲ ಕಾನೂನು ಅದೇ.

ಅಷ್ಟರಲ್ಲಿ ಕಾಳಪ್ಪಾಚಾರಿ, ಅಪ್ಪಗಳ ಬಿಲ್ಲೆಯನ್ನು ನೆನೆನೆನೆದು ನಕ್ಕು, ಜನ ಉಗುಳಿದ ನೀರಿನಲ್ಲಿ ಕಾಲು ಜಾರಿ ಬಿದ್ದು ಹೆಗಲು ಉಳುಕಿಸಿಕೊಂಡ. ಹಗ್ಗ ಎಳೆಯಲು ತೋಳು ಬೇಕಾಯಿತು. ಮರುದಿನ ಮಾವ ನಮ್ಮ ಅಂಗಡಿಯ ಮುಂದೆ ಬಂದು ನಿಂತ. ನನ್ನ ಕಡೆ ನೋಡಲಿಲ್ಲ. ಕಾಯುತ್ತಿದ್ದ ಎಣ್ಣೆಯ ಕಡೆ ನೋಡುತ್ತ ಮಗಳಿಗೆ ಹೇಳಿದ.

"ಗಂಗೀ, ಆ ಹರಕಬಾಯಿಗೆ ತೋಳು ಅದಾವ, ಖರೆ. ಆದ್ರ ತೋಳಿನ ಮ್ಯಾಲ ಬಾಯಿ ಐತೆಲ್ಲ."

"ಮಾವಾರ, ನಾ ಮನಸ್ಸು ಮಾಡಿದ್ರ ಆ ಗುಂಡು ಎತ್ತಿ ಮುಗಿಲಿಗೆ..."

"ನೋಡು, ಶುರು ಆತು."

ಗಂಗಿ ಭಜಿ ಎತ್ತುವ ತೂತಿನ ಝಾರಿಯನ್ನು ಬಾಣಲೆಯ ಅಂಚಿಗೆ ಬಡಿದಳು. ನಮ್ಮ ಬಾಣಲೆ "ಸುಮ್ನಿರು" ಅನ್ನುತ್ತದೆ. ಅದನ್ನು ಆಕೆಯೇ ಹುಡುಕಿ ತಂದದ್ದು. "ಯಪ್ಪಾ," ಎಂದಳು, "ಇವರು ಬಾಯಿ ಮುಚ್ಚಿದ್ರ ನೀ ಏನ್ ಕೊಡ್ತಿ?"

ಮಾವ ಎಣ್ಣೆಗೇ ಉತ್ತರ ಕೊಟ್ಟ. "ಬೆಳ್ಳಿ ಪೆಟ್ಟು ಬೀಳೂತನಕ ಒಂದು ಮಾತು ಹೊರಗ ಬರದಿದ್ರ, ಅವತ್ತ ಪಂಚಮಿ ಊಟ ನನ್ನ ಮನ್ಯಾಗ. ಊರ ಮುಂದ ಅಳಿಯಾ ಅಂತ ಕರದು ಒಳಗ ಕರಕೋತೀನಿ. ಮಾತು ಬಂತೋ, ಆ ಬೇವಿನ ಗಿಡದ ಕೆಳಗೂ ನಿಲ್ಲಾಂಗಿಲ್ಲ. ಓಣಿ ಬಂದ್."

ತಂಬಿಗೆ ಎತ್ತಿ ಬಾಯಿ ತುಂಬ ನೀರು ತುಂಬಿಕೊಂಡೆ, ಅಷ್ಟೇ. ಮಾವನ ಮೀಸೆ ಒಂದು ಎಳೆಯಷ್ಟು ಅಲುಗಿತು. ಅದು ನಗುವೋ ಗಾಳಿಯೋ ಗೊತ್ತಾಗಲಿಲ್ಲ.

ಅಂದಿನಿಂದ ಅಭ್ಯಾಸ. ಊರಿಗೆ ಊರೇ ನನ್ನನ್ನು ಕಾಡಲು ಅಂಗಡಿಗೆ ಬಂತು. ಹಡಪದ ತಿಪ್ಪಣ್ಣ ಇದೇ ಬಾಕಿನ ಮೇಲೆ ಕೂತು, "ಹುಚ್ಚೀರಪ್ಪಾ, ಕುಸ್ತಿಯೊಳಗ ನಿನಗಿಂತ ಆ ಗಾಣಿಗರ ಹುಡುಗ ಛಲೋ ಅಂತಾರಲೋ, ಹೌದೇನು? ನೀ ಹುಲಿ ಮೀಸಿ ಹಿಡದದ್ದು ಸುಳ್ಳಂತ, ಅದು ಬೆಕ್ಕಂತ?" ಎಂದ. ನನ್ನ ಕಿವಿಯಿಂದ ಹೊಗೆ ಬಂತು. ಆ ಹೊಗೆಯಲ್ಲಿ ಎರಡು ಬದನೆಕಾಯಿ ಸುಟ್ಟುಹೋದವು. ಸಿಟ್ಟಿಗೆ ಹಿಟ್ಟು ಕಲಸಿ ಕಲಸಿ, ತೊಟ್ಟಿಲಷ್ಟು ದೊಡ್ಡ ಭಜಿ ಕರಿದೆ. ಅದನ್ನು ನಾಲ್ಕು ಜನ ಹೊತ್ತುಕೊಂಡು ಹೋಗಿ, ಮದುವೆಮನೆಯೊಂದರಲ್ಲಿ ಬಡಿಸಿದರೂ ಮಿಕ್ಕಿತು.

ಮೊದಲ ದಿನ ಗಂಗಿ ಬಹಳ ಹಿಗ್ಗಿದಳು. ಮನೆಯಲ್ಲಿ ಗೋಡೆಯ ಗಡಿಯಾರದ ಸದ್ದು ಕೇಳಿಸುತ್ತದೆ ಎಂದಳು. ಎರಡನೆಯ ದಿನ ಆ ಗಡಿಯಾರಕ್ಕೆ ಬಟ್ಟೆ ಮುಚ್ಚಿದಳು. ಮರುದಿನ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಏನ್ರೀ, ಒಂದರ ಸುಳ್ಳು ಹೇಳ್ರಿ. ಮನಿ ಭಣಭಣ ಅನ್ನಾಕತ್ತೈತಿ," ಎಂದಳು. ನಾನು ಎರಡೂ ಕೈಯಿಂದ ಹುಲಿಯ ಮೀಸೆ ಹಿಡಿದು ಎಳೆದು ತೋರಿಸಿದೆ. ಆಕೆ ನಕ್ಕಳು, ಕಣ್ಣು ಒರೆಸಿಕೊಂಡಳು. "ಈ ಪಂಚಮಿಗೆ ನಾ ಸೆರಗಿನ್ಯಾಗ ಉಂಡಿ ಕಟ್ಟಾಂಗಿಲ್ಲ ನೋಡ್ರಿ," ಎಂದಳು. ನನ್ನ ಗಂಟಲಲ್ಲಿ ಎಂಥದೋ ಸಿಕ್ಕಿಕೊಂಡಿತು. ಮೀನೇ ಇರಬೇಕು.

ಪಂಚಮಿ ಬಂತು. ಕಂಚುಗಾರರ ಓಣಿಯಲ್ಲಿ ಕಾಲಿಡಲು ಜಾಗವಿಲ್ಲ. ಗೌಡ್ತಿ, ಮಾಸ್ತರರು, ಮಠದ ಅಪ್ಪಗಳು, ಸೀಟಿಯ ಸೇನೆ, ಕಂಕುಳ ಕೂಸು, ಎಲ್ಲರ ಕೆನ್ನೆಯೂ ಮಕ್ಕಳು ಊದುವ ಪುಗ್ಗಿಯ ಹಾಗೆ ಉಬ್ಬಿತ್ತು. ರಾಯಭಾರಿಗಳಿಬ್ಬರಿಗೂ ಬೆಳ್ಳಿ ಲೋಟದಲ್ಲಿ ನೀರು ಕೊಟ್ಟರು. ಅವರಲ್ಲಿ ದಪ್ಪನೆಯವನು ಇದು ಸ್ವಾಗತದ ಪಾನಕವೆಂದು ಗಟಗಟ ಕುಡಿದ. ಮತ್ತೆ ಕೊಟ್ಟರು, ಮತ್ತೆ ಕುಡಿದ. ಮೂರನೆಯ ಸಲ ಅಪ್ಪಗಳೇ ತಮ್ಮ ಕೆನ್ನೆ ತೋರಿಸಿ ಪಾಠ ಮಾಡಬೇಕಾಯಿತು. ಇಡೀ ದೇಶ ಮೂಗಿನಿಂದ ಉಸಿರಾಡುತ್ತಿತ್ತು. ಆ ಗಾಳಿಗೆ ಗೌಡ್ತಿಯ ಸೀರೆಯ ಬಾವುಟ ಪಟಪಟ ಹಾರುತ್ತಿತ್ತು.

ನಾನು ಹಗ್ಗ ಹಿಡಿದೆ. ಬಾಯಲ್ಲಿ ಕೆರೆ, ಕೈಯಲ್ಲಿ ಏಳು ಆನೆ. ಮಾವ ಚಿಮಟಿಗೆಯಿಂದ ಬೆಳ್ಳಿಯ ಬಿಲ್ಲೆಯನ್ನು ಅಚ್ಚಿನ ಮೇಲಿಟ್ಟು ಹಿಂದೆ ಸರಿದ. ಎಳೆದೆ. ಗುಂಡು ಮೇಲೆ ಹೋಯಿತು, ಕಂಬದ ತುದಿ ದಾಟಿತು, ಮೋಡಕ್ಕೆ ತಗುಲಿ ಎರಡು ಹನಿ ಮಳೆ ಬಂತು. ಅಷ್ಟರಲ್ಲಿ ಹಗ್ಗ ಪಟ್ಟನೆ ಹರಿಯಿತು! ಏಳು ಆನೆಗಳೂ ಒಟ್ಟಿಗೆ, ದಪ್ಪ ರಾಯಭಾರಿಯ ನೆತ್ತಿಯ ಕಡೆಗೆ! ನಾನು ಹಾರಿದೆ. ಒಂದೇ ಕೈಯಿಂದ, ಎಡಗೈ ಬೇರೆ, ಗಾಳಿಯಲ್ಲೇ ಗುಂಡನ್ನು ಹಿಡಿದು, ಒಂದು ಸುತ್ತು ತಿರುಗಿ, ಹೂ ಇಟ್ಟ ಹಾಗೆ ತಂದು ಅಚ್ಚಿನ ಮೇಲೆ ಕುಕ್ಕಿದೆ. ಬಾಯಿಂದ ಹನಿ ನೀರು ಚೆಲ್ಲಲಿಲ್ಲ. ಮೀನಿಗೆ ಎಚ್ಚರವಾಗಲಿಲ್ಲ. ಅದನ್ನು ಕಂಡು, ಕುಲುಮೆಯ ಮುಂದೆ ಎಂದೂ ಬಾಯಿ ಬಿಡದ ನನ್ನ ಮಾವ, ತಾನೇ ನೀರು ಉಗುಳಿ, ಎರಡೂ ಕೈ ಎತ್ತಿ ಕೂಗಿದ: "ಭಲೆ ನನ್ನ ಅಳಿಯಾ! ಭಲೆ!" ಸರಿಯಾಗಿ ಅದೇ ಗಳಿಗೆಗೆ ಪೆಟ್ಟು ಬಿತ್ತು. ಅಂದಿನಿಂದ ಇಂದಿನವರೆಗೆ ನಮ್ಮ ದೇಶದ ಪ್ರತಿಯೊಂದು ನಾಣ್ಯವೂ ನನ್ನನ್ನೇ ಹೊಗಳುತ್ತದೆ. ನಾನು ಒಬ್ಬನೇ ಇರುವಾಗಲೂ, ಬೇಡ ಬೇಡ ಎಂದರೂ ಹೊಗಳುತ್ತದೆ. ಏನು ಮಾಡಲಿ ಹೇಳಿ.

ಕಥೆ ಮುಗಿಯಿತು. ನಿಮ್ಮ ಕೈಯಲ್ಲಿರುವುದು ಕೊನೆಯ ಮಿರ್ಚಿ, ತಿನ್ನಿ. ನಿಮ್ಮ ದೇಶದ ನೋಟು ಕೊಟ್ಟಿದ್ದೀರಿ, ಚಿಲ್ಲರೆ ಬರಬೇಕು. ಗಂಗೀ, ಕೈಯಾಗ ಕೊಡು. ಕೈಯಾಗ. ಕಲ್ಲಿನ ಮ್ಯಾಲ ಇಡಬ್ಯಾಡ. ಹಾಂ ಹಾಂ, ಗಂಗೀ! ಅಷ್ಟು ಮ್ಯಾಲಿಂದ ಯಾಕ...

"ಉಗುಳೋ ಅಳಿಯಾ! ಉಗುಳೋ!"

ನೋಡಿ, ಬಾಯಲ್ಲಿದ್ದ ಮಿರ್ಚಿ ಸೀದಾ ಪೀಕದಾನಿಗೇ ಬಿತ್ತು. ನಾಚಿಕೊಳ್ಳಬೇಡಿ. ಹೊಸಬರು ಎಲ್ಲರೂ ಹಾಗೆಯೇ. ನಾಣ್ಯದೊಳಗಿನ ಮುದುಕನ ದನಿಯಲ್ಲಿ ಅಷ್ಟು ಗಾಬರಿ ಇದೆ, ಕೇಳಿದವರ ಬಾಯಿ ತಾನಾಗಿ ತೆರೆಯುತ್ತದೆ. ಪೀಕದಾನಿ ಯಾಕೆ, ಗಲ್ಲಾಪೆಟ್ಟಿಗೆಗೆ ಹತ್ತಿ ಯಾಕೆ, ಈಗ ತಿಳಿಯಿತಲ್ಲ. ಗಂಗೀ, ನಗಬ್ಯಾಡ. ಹೇಳ್ತೀನಿ, ಖರೇನ ಹೇಳ್ತೀನಿ.

ಗುಂಡು ಏಳು ಆನೆಯ ತೂಕವಲ್ಲ. ಈಗ ದಿನಾ ಬೆಳಿಗ್ಗೆ ನಾಣ್ಯ ಹೊಡೆಯಲು ಅದನ್ನು ಎಳೆಯುವವಳು ಈ ಗಂಗಿಯೇ, ಒಂದು ಕೈಯಲ್ಲಿ. ಇನ್ನೊಂದು ಕೈಯಲ್ಲಿ ತಲೆ ಕೆರೆದುಕೊಳ್ಳುತ್ತಾಳೆ. ಹಗ್ಗ ಹರಿಯಲಿಲ್ಲ. ಬಾಯಲ್ಲಿದ್ದದ್ದು ಕೆರೆಯಲ್ಲ, ಅರ್ಧ ತಂಬಿಗೆಯೂ ಅಲ್ಲ, ಒಂದು ಗುಟುಕು. ಆಗಿದ್ದು ಇಷ್ಟು. ನಾನು ಗುಂಡನ್ನು ಮೇಲಕ್ಕೆ ಎಳೆದು ನಿಲ್ಲಿಸಿದೆ. ತಲೆ ಎತ್ತಿ ನೋಡಿದರೆ ಇಡೀ ದೇಶ ನನ್ನ ತೋಳನ್ನೇ ನೋಡುತ್ತಿದೆ. ಅಷ್ಟು ಜನ, ಆದರೆ ಆ ತೋಳು ಎಂಥದೆಂದು ಹೇಳಲು ಒಂದು ಬಾಯಿಯೂ ಖಾಲಿ ಇಲ್ಲ! ನನಗೆ ತಡೆಯಲಾಗಲಿಲ್ಲ. "ನೋಡ್ರಲೇ" ಎಂಬ ಮಾತು ಹೊಟ್ಟೆಯಿಂದ ಎದ್ದು ಬಂತು. ಅದೇ ದಾರಿಯಲ್ಲಿ ನೀರು ಕೆಳಗೆ ಹೊರಟಿತ್ತು. ಎರಡೂ ಗಂಟಲಲ್ಲಿ ಡಿಕ್ಕಿ ಹೊಡೆದವು. ಉಸಿರು ನಿಂತಿತು. ಮುಖ ನೇರಳೆ ಹಣ್ಣಾಯಿತು, ಕಣ್ಣು ಹೊರಗೆ ಬಂದವು. ಉಗುಳಿದರೆ ಸದ್ದಾಗುತ್ತದೆ, ಬೆಳ್ಳಿ ಕೇಳಿಸಿಕೊಳ್ಳುತ್ತದೆ, ಗಂಗಿ ಮತ್ತೆ ಸೆರಗಿನಲ್ಲಿ ಉಂಡಿ ಕಟ್ಟುತ್ತಾಳೆ. ಹಗ್ಗ ಬಿಡಲಿಲ್ಲ, ಬಾಯಿಯನ್ನೂ ಬಿಡಲಿಲ್ಲ. ಸಾಯುವುದೇ ಸರಿ ಎಂದುಕೊಂಡೆ. ಇದು ಉತ್ಪ್ರೇಕ್ಷೆಯಲ್ಲ, ಗಂಗಿಯನ್ನು ಕೇಳಿ.

ಮಾವ ಅಚ್ಚಿನ ಪಕ್ಕದಲ್ಲೇ ಇದ್ದ. ನನ್ನ ಮುಖ ನೋಡಿದ, ಬೆಳ್ಳಿಯ ಕಡೆ ನೋಡಿದ, ರಾಯಭಾರಿಗಳ ಕಡೆ ನೋಡಿದ. ಆಮೇಲೆ ತನ್ನ ಬಾಯ ನೀರನ್ನು ನೆಲಕ್ಕೆ ಚೆಲ್ಲಿ, ಓಣಿ ನಡುಗುವ ಹಾಗೆ ಕೂಗಿದ. ಏನು ಕೂಗಿದ ಎಂಬುದನ್ನು ನೀವೇ ಕೇಳಿದಿರಿ. ಆತ ಹೇಳಿದ್ದೇ ತಡ, ನಾನು ಎಲ್ಲವನ್ನೂ ಬಿಟ್ಟೆ: ನೀರು, ಹಗ್ಗ, ಮಾನ. ಗುಂಡು ಬಿತ್ತು. ಬೆಳ್ಳಿ ಕೇಳಿಸಿಕೊಂಡಿತು.

ಮೊದಲು ಸಿಡಿದವರು ಮಠದ ಅಪ್ಪಗಳು. ಅವರ ಹಿಂದೆ ಇಡೀ ದೇಶ. ಬಾಯಲ್ಲಿ ನೀರಿಟ್ಟುಕೊಂಡು ನಕ್ಕರೆ ಏನಾಗುತ್ತದೆ? ಓಣಿಯ ಈ ತುದಿಯಿಂದ ಆ ತುದಿಯವರೆಗೆ ಕಾರಂಜಿ. ಗೌಡ್ತಿಯ ನೀರು ಮಾಸ್ತರರ ಮೇಲೆ, ಮಾಸ್ತರರದು ಸೇನೆಯ ಮೇಲೆ. ಕೆರೆ ಎಂದೆನಲ್ಲ, ಅದು ಅವತ್ತು ಓಣಿಯಲ್ಲಿ ಹರಿದ ನೀರು. ಒಬ್ಬನ ಬಾಯಿಯದಲ್ಲ, ಎಲ್ಲರದು.

ನಗದೆ ಉಳಿದವನು ಮಾವ ಒಬ್ಬನೇ. ನಾಣ್ಯ ಎತ್ತಿ ಕಲ್ಲಿನ ಮೇಲೆ ಹಾಕಿದ. ತಾನು ಬಡಿದ ಲೋಹದಲ್ಲಿ ತನ್ನದೇ ದನಿಯನ್ನು ಆತ ಕೇಳಿದ್ದು ಅದೇ ಮೊದಲು. "ಅಚ್ಚು ಕೆಟ್ಟಿತು ಗೌಡ್ತಿ. ಮುರದು ಬ್ಯಾರೆ ಮಾಡ್ತೀನಿ," ಎಂದ. ಅಷ್ಟರಲ್ಲಿ ದಪ್ಪ ರಾಯಭಾರಿ ನಾಣ್ಯ ಇಸಿದುಕೊಂಡು ತಾನೊಮ್ಮೆ ಬೀಳಿಸಿದ, ಮೂರನೆಯ ಲೋಟದ ನೀರನ್ನು ಉಗುಳಿದ, ಮುಖ ಒರೆಸಿಕೊಂಡು, "ಇದು ನಮ್ಮನ್ನು ಅಳಿಯ ಅನ್ನುತ್ತದಲ್ಲ! ಹಾಗಾದರೆ ಊಟ ಎಲ್ಲಿ?" ಎಂದ. ಇನ್ನೊಬ್ಬ ರಾಯಭಾರಿ, ಹಿರಿಯ ಅಳಿಯ ನಾನು, ಮೊದಲ ಎಲೆ ನನಗೆ, ಎಂದ.

ರುದ್ರವ್ವ ಗೌಡ್ತಿ ಸೆರಗು ಹಿಂಡುತ್ತ ಇಬ್ಬರನ್ನೂ ನೋಡಿದಳು. "ಆಚಾರ್ರ, ಮುರೀಬ್ಯಾಡ್ರಿ. ಅಳಿಯ ಅನ್ನಿಸ್ಕೊಂಡಾಂವ ಹಬ್ಬಕ್ಕ ಬರ್ತಾನ, ಜಗಳಕ್ಕ ಬರಂಗಿಲ್ಲ. ಇದ ಇರ್ಲಿ."

ಹೀಗೆ ನಾವು ದೇಶವಾಗಿ ಉಳಿದೆವು. ನಾನು? ನಾನು ಒದ್ದೆ ಅಂಗಿಯಲ್ಲಿ ಬೇವಿನ ಮರದ ಕಡೆ ನಡೆದೆ. ಮಾತಾಡಲಿಲ್ಲ, ನಿಜ. ಆದರೆ ಗೆದ್ದೆ ಎಂದು ಹೇಳಲು ಬಾಯಿ ಬರಲಿಲ್ಲ. ನನ್ನ ಬಾಯಿಗೂ ಬಾರದ ಸುಳ್ಳು ಅದೊಂದೇ. ಮಾವ ಬಾಗಿಲಲ್ಲಿ ನಿಂತು ಮಗಳಿಗೆ ಹೇಳಿದ್ದು ಕೇಳಿಸಿತು: "ಗಂಗೀ, ಇನ್ನ ಮ್ಯಾಲ ದೇಶದ ತುಂಬ ಅಳಿಯಾ ಅಳಿಯಾ ಅಂತ ನಾನ ಒದರಾಂವ. ಕಂಡಕಂಡಾವ್ರು ಅಳಿಯಂದಿರಾದ್ರು. ಖರೇ ಅಳಿಯ ಗಿಡದ ಕೆಳಗ ನಿಂತ್ರ ಮಂದಿ ಏನಂದಾರು? ಒಳಗ ಬಾ ಅನ್ನು ಆ ಹರಕಬಾಯಿಗೆ."

ಅವತ್ತು ಉಂಡೆ. ಎಷ್ಟು ಉಂಡೆ ಎಂದು ಹೇಳಿದರೆ ನೀವು ನಂಬುವುದಿಲ್ಲ, ಗಂಗಿ ಬೇರೆ ಇಲ್ಲೇ ಇದ್ದಾಳೆ. ಎರಡು ಉಂಡಿ.

ಒಂದು ಮಾತು ಉಳಿಯಿತು. ಮಾವ ಆ ಕೂಗಿನ ನಂತರ ಮತ್ತೆ ಎಂದೂ ಬಾಯಿಬಿಟ್ಟು ನನ್ನನ್ನು ಅಳಿಯ ಎಂದು ಕರೆದಿಲ್ಲ. ಹಟಮಾರಿ ಮುದುಕ. ನನ್ನನ್ನು ಕರೆಯಬೇಕಾದಾಗ ಹೊಸ್ತಿಲ ಕಲ್ಲಿನ ಮೇಲೆ ಒಂದು ನಾಣ್ಯ ಬೀಳಿಸುತ್ತಾನೆ. ತಡೀರಿ, ಓಣಿಯ ಕಡೆಯಿಂದ ಬಂತು, ಕೇಳಿಸಿತೇ? ಊಟದ ಹೊತ್ತಾಯಿತು. ಗಂಗೀ, ಅಂಗಡಿ ನೋಡ್ಕೋ.

ಏನು? ಮೀನೇ? ಹೌದ್ರೀ, ಮೀನೂ ಸುಳ್ಳು.